ಹನ್ನೆರಡು ಜನರ ಊಟಕ್ಕೆ ನಾನೊಬ್ಬಳೇ

ಗ್ರೋನಿಂಗನ್ ಹತ್ತಿರ, ನೆದರ್ಲೆಂಡ್ಸ್, ಫೆಬ್ರವರಿ ೨೦೨೧

ಅತ್ತಿಗೆ,

"ಸಾವಿನ ಮನೆಯಲ್ಲಿ ಅನ್ನಕ್ಕೂ ಮೌನ" ಎಂಬ ಸಾಲನ್ನು ಎಲ್ಲೋ ಓದಿದ ನೆನಪು. ಬರೆದವರು ಜಾವಾದವರ ಮನೆಯಲ್ಲಿ ಉಂಡಿದ್ದರೇ? ನಮ್ಮ ಕೇರಿಯ ತುಂಬ ದಕ್ಷಿಣ ಅಮೆರಿಕದ ಸುರಿನಾಮಿನಿಂದ ಬಂದ, ಜಾವಾ ಮೂಲದವರು. ಪಕ್ಕದ ಮನೆಯ ಸಾರಿನೆಮ್ ಅಜ್ಜಿ ಗಂಡ ತೀರಿಕೊಂಡ ನಲವತ್ತನೇ ದಿನಕ್ಕೆ ಹನ್ನೆರಡು ಜನರಿಗೆ ಅಡುಗೆ ಮಾಡಿದ್ದರು. ಕೊರೊನಾ ನಿಯಮದಂತೆ ದಿನಕ್ಕೆ ಒಬ್ಬರೇ ಅತಿಥಿ. ಒಳಗೆ ಕೂತವಳು ನಾನೊಬ್ಬಳೇ. "ಯಾರಾದ್ರೂ ಹೊಟ್ಟೆ ತುಂಬ ಉಣ್ಣದೆ ನಮ್ಮ ಮುದುಕ ಮೇಲಕ್ಕೆ ಹೋಗಲ್ಲ" ಎಂದು ಅಜ್ಜಿ ಬಡಿಸುತ್ತಲೇ ಹೋದರು. ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪಿಸಿಲ್ಲ, ಅಣ್ಣನಿಗೆ ಹೇಳಿ. ಸಾವಿನ ಮನೆಯಲ್ಲಿ "ಹೋಗಿ ಬರ್ತೀನಿ" ಅನ್ನಬಾರದಲ್ಲ, ನಮ್ಮ ರೂಢಿಯಂತೆ ಸದ್ದಿಲ್ಲದೆ ಹೊರಟೆ. ಅಜ್ಜಿ ಬಾಗಿಲಲ್ಲಿ ಕೈ ಹಿಡಿದರು: "ಹೇಳದೆ ಓಡ್ತೀಯಾ, ಕಳ್ಳಿ? ನಾಳೆಗೂ ನೀನೇ ಅತಿಥಿ. ಇನ್ನೂ ಹನ್ನೊಂದು ಜನರ ಊಟ ಉಳಿದಿದೆ, ಹಸ್ಕೊಂಡು ಬಾ!"