ಕೊರೆಯದೆ ಬಿಟ್ಟ ಎಸಳು

ಸಾಗರ
೧೫ ಫೆಬ್ರವರಿ ೧೯೬೫, ಸೋಮವಾರ

ಪ್ರೀತಿಯ ಅಣ್ಣಯ್ಯಾ,

ನಿನ್ನ ತಂಗಿ ಮಹಾಲಕ್ಷ್ಮಿಯ ನಮಸ್ಕಾರ. ವೆಲ್ಡಿಂಗ್ ಕಿಡಿ ಹಾರಿ ಸುಟ್ಟಿದ್ದ ಬಲಗೈ ಈಗ ಹೇಗಿದೆ? ಬೆರಳು ಮಡಚಲು ಬರುತ್ತದೆಯೇ? ಕಾರ್ಗಲ್ಲಿನ ತಗಡಿನ ಮನೆಯಲ್ಲಿ ಹಗಲೆಲ್ಲ ಕಾವು, ಬೆಳಗಿನ ಜಾವ ಮಂಜು ಎಂದು ನೀನು ಬರೆದಿದ್ದೆ. ಪುಷ್ಪತ್ತಿಗೆಯ ಕೆಮ್ಮಿಗೆ ಕಾಳುಮೆಣಸಿನ ಕಷಾಯ ಬಿಡಬೇಡ. ಅಮ್ಮ ಗಟ್ಟಿಯಾಗಿದ್ದಾಳೆ. ನನಗೂ ಕಾಯಿಲೆ ಏನಿಲ್ಲ, ಸಿಟ್ಟು ಒಂದನ್ನು ಬಿಟ್ಟು.

ಸಭೆಯಲ್ಲಿ ಮಾತಾಡುವವರು ಮೊದಲು ಏನು ಮಾತು ಕೊಟ್ಟರು, ಏನು ಕೊಡಲಿಲ್ಲ ಎಂದು ಹೇಳಬೇಕು, ಆಮೇಲೆ ಕೂಗಬೇಕು ಎಂದು ನಮ್ಮ ಅಕ್ಕಸಾಲಿಗರ ಸಂಘದಲ್ಲಿ ಕಲಿಸಿದ್ದಾರೆ. ಹಾಗೇ ಬರೆಯುತ್ತೇನೆ. 'ನೀನು ಮಾಡಿದ ಪಾತ್ರೆಯ ತಳದಲ್ಲಿ ನಿನ್ನ ಹೆಸರು ಇರುತ್ತದೆ' ಎಂದು ಬೆಳ್ಳಿಮನೆ ಅಂಗಡಿಯ ಮಂಜಯ್ಯ ಸಾಹುಕಾರರು ದೀಪ ಮುಟ್ಟಿ ಅಪ್ಪಯ್ಯನಿಗೆ ಹೇಳಿದ್ದರು. ಅಪ್ಪಯ್ಯ ಕೊರೆದ 'ಸುಬ್ರಾಯಾಚಾರಿ' ಎಂಬ ಅಕ್ಷರಗಳನ್ನು ಅರದಿಂದ ತಿಕ್ಕಿ ತೆಗೆದು ಅಂಗಡಿಯ ಮೊಹರು ಒತ್ತಿದರು. 'ಕಣ್ಣು ಹೋದರೂ ನಿನ್ನ ಕೆಲಸದ ಮಣೆ ನಿನ್ನದೇ' ಎಂದಿದ್ದರು. ಕಣ್ಣಿಗೆ ಪೊರೆ ಬಂದ ವರ್ಷವೇ ಮಣೆ ಅಟ್ಟ ಸೇರಿತು, ಅಪ್ಪಯ್ಯ ಸಾಯುವವರೆಗೂ ಕೆಳಗೆ ಇಳಿಯಲಿಲ್ಲ. ಎರಡು ವರ್ಷದ ಹಿಂದೆ ಚಿನ್ನದ ಕಾನೂನು ಬಂತು, ಹದಿನಾಲ್ಕು ಕ್ಯಾರೆಟ್ಟಿಗಿಂತ ಮೇಲಿನ ಒಡವೆ ಮಾಡಕೂಡದು ಎಂದಾಯಿತು. ಕೆಲಸ ಹೋದವರಿಗೆ ಬೇರೆ ಕೆಲಸ ಕೊಡುತ್ತೇವೆ ಎಂದ ಸರ್ಕಾರ ನಮ್ಮ ಕೈಗೆ ಅರ್ಜಿ ಫಾರಂ ಕೊಟ್ಟಿತು, ಅಷ್ಟೇ ಕೊಟ್ಟಿತು. ಬೆಳ್ಳಿ ಕೆಲಸ ಇದೆಯಲ್ಲ, ಒಬ್ಬರನ್ನೂ ಬಿಡುವುದಿಲ್ಲ ಎಂದ ಸಾಹುಕಾರರ ಮಗ ವೆಂಕಟ್ರಮಣ. ನಿನ್ನನ್ನೂ ಸೇರಿಸಿ ಹನ್ನೊಂದು ಜನರನ್ನು ಬಿಟ್ಟ, ಬೊಂಬಾಯಿಯಿಂದ ಯಂತ್ರದ ಲೋಟ ತರಿಸಿದ.

ಇದರಲ್ಲಿ ನಿನಗೆ ಗೊತ್ತಿಲ್ಲದ್ದು ಒಂದೂ ಇಲ್ಲ. ಆದರೂ ಬರೆದೆ, ಏಕೆಂದರೆ ಇದೆಲ್ಲ ನಡೆದೇ ಇಲ್ಲ ಎನ್ನುವಂಥ ಪುಸ್ತಕವೊಂದು ಅಚ್ಚಾಗುತ್ತಿದೆ. ಬೆಳ್ಳಿಮನೆಗೆ ಐವತ್ತು ವರ್ಷ ತುಂಬಿತು. ಇಪ್ಪತ್ತೈದನೇ ತಾರೀಖು ಗುರುವಾರ ಚಪ್ಪರ, ನಾಗಸ್ವರ, ದೊಡ್ಡವರ ಭಾಷಣ. ಬಂದವರಿಗೆಲ್ಲ ಹಂಚಲು ಬೆಳ್ಳಿಮನೆಯ ಚರಿತ್ರೆಯ ಪುಸ್ತಕ. ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ಚಂದ್ರಯ್ಯ ಅದರ ಕರಡು ತಂದುಕೊಟ್ಟ. 'ಓದಿ ಹರಿದು ಒಲೆಗೆ ಹಾಕು ಮಾರಾಯ್ತಿ, ನನ್ ಕೆಲ್ಸ ತೆಗೀಬೇಡ' ಎಂದ. ಹರಿದಿಲ್ಲ.

ಬೆಳ್ಳಿಮನೆಯ ಮೋಹ ಸುಳ್ಳೆಂದು ನಾನು ಹೇಳುವುದಿಲ್ಲ. ಆ ಮೋಹದ ಅಂಚಿನಲ್ಲಿ ಕೂತೇ ನಾವು ಬೆಳೆದೆವಲ್ಲ. ಹಸಿರು ಮಕಮಲ್ಲಿನ ಡಬ್ಬಿ, ಮುಚ್ಚಳ ತೆಗೆದರೆ ಪನ್ನೀರಿನ ವಾಸನೆ, ಒಳಗೆ ಹಾಲುಬೆಳಕಿನ ಹಾಗೆ ಕೂತ ಪಂಚಪಾತ್ರೆ. ತೀರ್ಥಹಳ್ಳಿಯ ಕಡೆಯ ಒಡೆಯರ ಮನೆಗಳಲ್ಲಿ ಹೆಣ್ಣು ಕೊಡುವಾಗ ಹುಡುಗಿಯ ಬಣ್ಣ ಕೇಳುವ ಮೊದಲು 'ಬೆಳ್ಳಿಮನೆ ಡಬ್ಬಿ ಎಷ್ಟು ಬರ್ತದೆ' ಎಂದು ಕೇಳುತ್ತಿದ್ದರು. ಹೊಸನಗರದ ಕಡೆ ಅಣೆಕಟ್ಟಿನ ನೀರಿಗೆ ಮನೆ ಮುಳುಗಿ ಊರು ಬಿಟ್ಟವರು ಸಹ, ಹೋಗುವ ಮೊದಲು ಬಂದು ತಮ್ಮ ಅಮ್ಮನವರ ಮುಖವಾಡಕ್ಕೆ ಒಪ್ಪ ಹಾಕಿಸಿಕೊಂಡು ಹೋದರು. ಒಪ್ಪ ಹಾಕಿದವಳು ನಾನು, ಅಂಟುವಾಳದ ನೊರೆಯಲ್ಲಿ. ನಮ್ಮಲ್ಲಿ ಹೆಂಗಸರು ಉಳಿ ಮುಟ್ಟಬಾರದು, ಉಳಿ ಮಾಡಿದ್ದನ್ನೆಲ್ಲ ತಿಕ್ಕಬಹುದು. ನಮ್ಮ ಜನ್ಮಕ್ಕೆ ಅಷ್ಟು ಬರೆದಿದೆ.

ಬಂದವರೆಲ್ಲ ಮೊದಲು ಕೈಮುಗಿಯುತ್ತಿದ್ದದ್ದು ಗಾಜಿನ ಬೀರುವಿನಲ್ಲಿದ್ದ ಸಾವಿರ ಎಸಳಿನ ಕೊಡಕ್ಕೆ. ಆ ಕೊಡಕ್ಕೆ ಅಪ್ಪಯ್ಯ ಮೂರು ವರ್ಷ ಕೂತ. ಒಳಗೆ ಅರಗು ತುಂಬಿ, ತೊಡೆಯ ಮೇಲೆ ಮಗುವಿನ ಹಾಗೆ ಮಲಗಿಸಿಕೊಂಡು, ಒಂದೊಂದೇ ಎಸಳು. ಕೊಡ ಮುಗಿದ ದಿನ ನನಗೆ ಒಂಬತ್ತು ವರ್ಷ. ಒಪ್ಪ ಹಾಕುತ್ತಾ ಹೋದಾಗ ತಳದ ಸಾಲಿನಲ್ಲಿ, ಕೊಡ ಕೂರುವ ಬಳೆಯ ಪಕ್ಕ, ಹೆಬ್ಬೆರಳು ಸುಮ್ಮನೆ ಜಾರಿತು. 'ಅಪ್ಪಯ್ಯ, ಇಲ್ಲೊಂದು ಮರ್ತಿದೀಯ' ಎಂದೆ. ಅವನು ನಕ್ಕು, 'ಮರ್ತಿಲ್ಲ ಮಗಾ, ಅದು ಕಾಳಮ್ಮಂದು. ಎಲ್ಲಾ ಮುಗಿಸಿಬಿಟ್ರೆ, ಇನ್ನು ನೀ ಎಂತಕ್ಕೆ ಬದುಕಿದೀಯ ಅಂತ ಕೇಳ್ತಾಳೆ ಅವಳು' ಎಂದ. ಅಜ್ಜನ ಕಾಲದಿಂದ ನಮ್ಮ ಮನೆಯ ಪದ್ಧತಿ ಅದು. ಎಷ್ಟು ದೊಡ್ಡ ಕೆಲಸವಾದರೂ ಒಂದು ಎಸಳು ಕೊರೆಯದೆ ಬಿಡುವುದು. ನೀನು ಪುಷ್ಪತ್ತಿಗೆಗೆ ಮಾಡಿಕೊಟ್ಟ ಕುಂಕುಮದ ಭರಣಿಯಲ್ಲೂ ಒಂದು ಬಿಟ್ಟಿದ್ದೀಯ, ನನ್ನ ಬೆರಳಿಗೆ ಗೊತ್ತು. ಹೆಸರನ್ನು ಅರದಿಂದ ತಿಕ್ಕಬಹುದು ಅಣ್ಣಯ್ಯಾ. ಇಲ್ಲದ್ದನ್ನು ತಿಕ್ಕುವುದು ಹೇಗೆ?

ಈಗ ಪುಸ್ತಕಕ್ಕೆ ಬರುತ್ತೇನೆ. ಹೆಗಲ ಮೇಲೆ ಗಂಟು ಹೊತ್ತು ಬರಿಗಾಲಲ್ಲಿ ಘಟ್ಟ ಹತ್ತಿದ ಮಂಜಯ್ಯನವರು ತಾವೇ ಸುತ್ತಿಗೆ ಹಿಡಿದರಂತೆ, ತಾವೇ ಸಾವಿರ ಎಸಳು ಕೊರೆದರಂತೆ. ಪಾಪ, ಆ ಮನುಷ್ಯನಿಗೆ ಮೊಳೆ ಹೊಡೆಯಲು ಆಳು ಬೇಕಿತ್ತು. ಅದನ್ನು ಓದಿ ನಾನು ನಕ್ಕೆ. ಏಳನೇ ಪುಟಕ್ಕೆ ಬಂದಾಗ ನಗು ನಿಂತಿತು. 'ನಮ್ಮ ತಂದೆಯವರು ತಿದಿ ಒತ್ತುತ್ತಿದ್ದರು. ಕೊಡವನ್ನು ದಿವಂಗತ ಮಂಜಯ್ಯನವರೇ ಸ್ವಹಸ್ತದಿಂದ ಮಾಡಿದರು. ಇದಕ್ಕೆ ನಾನು ಸಾಕ್ಷಿ. ಸೀತಾರಾಮಾಚಾರಿ.' ಚಂದ್ರಯ್ಯ ಕೈಬರಹದ ಮೂಲವನ್ನೂ ತೋರಿಸಿದ. ಸಹಿ ನಿನ್ನದೇ. ಆ 'ಸೀ'ಯ ಬಾಲ ಅಪ್ಪಯ್ಯ ಕಲಿಸಿದ್ದು.

ಕಾರ್ಗಲ್ಲಿನ ಅಣೆಕಟ್ಟಿನ ಕೆಲಸಕ್ಕೆ ವೆಂಕಟ್ರಮಣ ಶಿಫಾರಸು ಪತ್ರ ಕೊಟ್ಟ ದಿನ ಅದರ ಜೊತೆಗೇ ಈ ಸಾಕ್ಷಿಯ ಕಾಗದವನ್ನೂ ಸಹಿಗೆ ಇಟ್ಟಿದ್ದನೆಂದು ಈಗ ಅರ್ಥವಾಗುತ್ತದೆ. ಮನೆಯಲ್ಲಿ ಅಕ್ಕಿ ಇರಲಿಲ್ಲ, ಗೊತ್ತು. ಹಸಿದವನ ಸಹಿ ಎಂದು ಸಂಘದವರಿಗೆ ಹೇಳಿದ್ದೇನೆ. ಆದರೆ ಹಸಿವೆ ತೀರಿದ ಮೇಲೂ ಎಂಟು ತಿಂಗಳು ಸುಮ್ಮನಿದ್ದೆಯಲ್ಲ, ಅದನ್ನು ಅವರಿಗೆ ಏನೆಂದು ಹೇಳಲಿ? ಕಾಗೋಡಿನಲ್ಲಿ ಗೇಣಿದಾರರು ನೇಗಿಲು ಹಿಡಿದು ಗದ್ದೆಗೆ ಇಳಿದ ವರ್ಷ ನೆನಪಿದೆಯೇ? ಉತ್ತವನಿಗೆ ಗದ್ದೆ ಎಂಬ ಕೂಗು ಕೇಳಿ ಅಪ್ಪಯ್ಯ, 'ಬಡಿದವನಿಗೆ ಕೊಡ ಅಂತ ನಾವು ಯಾವಾಗ್ ಕೂಗೋದು ಮಾರಾಯಾ' ಎಂದು ನಿನ್ನ ಬೆನ್ನು ತಟ್ಟಿದ್ದ. ಕೊಡ ಕೊಡುವುದು ಹಾಗಿರಲಿ. ಮಾಡಿದವನನ್ನು ಅವನ ಮಗನೇ ತಿದಿ ಒತ್ತುವವನನ್ನಾಗಿ ಮಾಡಿದ.

ಇನ್ನೊಂದು ಕೇಳು. ನಾನು ಓದುವಾಗ ಅಮ್ಮ ಬಂದು ಕೂತಳು. ಅವಳಿಗೆ ಅಕ್ಷರ ಬಾರದು, ನಿನ್ನ ಹೆಸರು ಮಾತ್ರ ಗುರುತು. ಅದರ ಮೇಲೆ ಬೆರಳಿಟ್ಟು, 'ಎಂತ ಬರ್ದಾನೆ ನನ್ ಮಗ, ಓದೆ' ಎಂದಳು. ನಾನು ಕಾಗದ ನೋಡುತ್ತಾ ಇಲ್ಲದ್ದನ್ನು ಓದಿದೆ. 'ಈ ಕೊಡ ಮಾಡಿದ್ದು ನನ್ನ ತಂದೆ ಸುಬ್ರಾಯಾಚಾರಿ. ಇದಕ್ಕೆ ನಾನು ಸಾಕ್ಷಿ' ಎಂದು. ಅಮ್ಮ ಆ ಹೆಸರನ್ನು ಬೆರಳಿಂದ ಇನ್ನೊಮ್ಮೆ ಸವರಿದಳು. ಆಮೇಲೆ, 'ಹೊಟ್ಟೇಲಿ ಹುಟ್ಟಿದ್ದಕ್ಕೆ ಒಂದ್ ಮಾತು ಹೇಳ್ದ' ಎಂದು ಆ ಹಾಳೆಯನ್ನು ಕೇಳಿ ತೆಗೆದುಕೊಂಡು ದೇವರ ದೀಪದ ಕೆಳಗೆ ಮಡಚಿ ಇಟ್ಟಳು. ದಿನಾ ಸಂಜೆ ಅದಕ್ಕೆ ಕುಂಕುಮ ಇಡುತ್ತಾಳೆ. ನಾನು ನೋಡುತ್ತಾ ನಿಲ್ಲುತ್ತೇನೆ.

ನನ್ನ ತಪ್ಪನ್ನೂ ಬರೆಯಬೇಕು. ಇಪ್ಪತ್ತೈದರಂದು ಎಲ್ಲರೆದುರು ಎದ್ದು, ಸಾವಿರದಲ್ಲಿ ಯಾವ ಎಸಳು ಇಲ್ಲ ಎಂದು ವೆಂಕಟ್ರಮಣನನ್ನು ಕೇಳುವುದು, ಅವನು ಬಾಯಿ ಬಿಡಲಾಗದೆ ನಿಂತಾಗ ಕೊಡ ಕವುಚಿ ತೋರಿಸುವುದು, ಇದು ಸಂಘದ ಯೋಚನೆ. ಅಷ್ಟರೊಳಗೆ ಮೊನ್ನೆ ಶನಿವಾರ ಕೊಡಕ್ಕೆ ಒಪ್ಪ ಹಾಕಲು ನನ್ನನ್ನೇ ಕರೆಸಿದ. ಯಾರೋ ನೆಂಟರೆದುರು, 'ನಮ್ಮಪ್ಪ ಕೊರ್ದದ್ದು, ಇವಳಪ್ಪ ಪಾಪ ಬೆಂಕಿ ಊದ್ತಿದ್ದ' ಎಂದ. ನೊರೆಗೈಯಲ್ಲೇ ಎದ್ದು, 'ನಿಮ್ಮಪ್ಪ ಕೊರ್ದಿದ್ರೆ ಒಂದು ಎಸಳು ಯಾಕಿಲ್ಲ ಹೇಳಿ ನೋಡುವಾ' ಎಂದುಬಿಟ್ಟೆ. ಅವನು ಸಿಟ್ಟು ಮಾಡಲಿಲ್ಲ. ನೆಂಟರು ಹೋಗಲೆಂದು ಕಾದು, ಕೊಡವನ್ನು ನಿಧಾನಕ್ಕೆ ಕವುಚಿ, ಆ ಖಾಲಿ ಜಾಗ ಸಿಗುವವರೆಗೆ ಹುಡುಕಿದ. ಹನ್ನೆರಡು ದಿನ ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ ನನಗೆ. ನೀನು ಹೊಟ್ಟೆಗಾಗಿ ಕೆಟ್ಟೆ, ನಾನು ನಾಲಿಗೆಯಿಂದ ಕೆಟ್ಟೆ.

ಅಮ್ಮ ನಿನಗೂ ಪುಷ್ಪತ್ತಿಗೆಗೂ ಆಶೀರ್ವಾದ ಹೇಳಿದ್ದಾಳೆ. ನನ್ನದು ಏನು ಹೇಳಲಿ, ಕೈ ಬೇಗ ಮಾಗಲಿ.

ನಿನ್ನ ತಂಗಿ,
ಮಹಾಲಕ್ಷ್ಮಿ

ಮರೆತದ್ದಲ್ಲ, ಈಗ ಬಂದದ್ದು: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಚಂದ್ರಯ್ಯ ಓಡಿಬಂದ. ವೆಂಕಟ್ರಮಣ ಬರುವ ಶನಿವಾರ ಜೀಪಿನಲ್ಲಿ ಕೊಡ ಹಾಕಿಕೊಂಡು ಕಾರ್ಗಲ್ಲಿಗೆ ಬರುತ್ತಾನಂತೆ, ನಿನ್ನ ಹತ್ತಿರ. ಆ ಎಸಳಿನ ಬಾಗು ಅಪ್ಪಯ್ಯನ ಬಾಗುಳಿಯಿಂದ ಮಾತ್ರ ಬರುತ್ತದೆ, ಆ ಉಳಿ ನಿನ್ನ ಪೆಟ್ಟಿಗೆಯಲ್ಲಿದೆ. ಇಲ್ಲದ್ದನ್ನು ತಿಕ್ಕುವುದು ಹೇಗೆ ಎಂದು ಮೇಲೆ ಬರೆದೆ. ತುಂಬಿಸಬಹುದು ಎಂಬುದು ಹೊಳೆದಿರಲಿಲ್ಲ. ನಿನಗೆ ಕಾಯಂ ಕೆಲಸದ ಆಸೆ ತೋರಿಸುತ್ತಾನೆ, ಇಲ್ಲವೇ ಇರುವ ಕೆಲಸ ತೆಗೆಸುತ್ತೇನೆ ಎನ್ನುತ್ತಾನೆ. ಕೈ ಸುಟ್ಟಿದೆ, ಆಗುವುದಿಲ್ಲ ಎಂದು ಹೇಳಬೇಡ ಅಣ್ಣಯ್ಯಾ. ಮಾಡುವುದಿಲ್ಲ ಎಂದು ಹೇಳು. ಆಮೇಲೆ ಆ ಉಳಿ ತೆಗೆದುಕೊಂಡು ಮೊದಲ ಬಸ್ಸಿಗೆ ಹೊರಡು. ಊರೊಳಗೆ ಸಂಘದ ಸಭೆಗೆ ಯಾರೂ ಜಾಗ ಕೊಡಲಿಲ್ಲ, ಆದ್ದರಿಂದ ಇಕ್ಕೇರಿಯಲ್ಲಿ ಸೇರುತ್ತೇವೆ. ಹೊಸನಗರ, ತೀರ್ಥಹಳ್ಳಿಯವರೂ ಬರುತ್ತಾರೆ. ಮಗನ ಮಾತನ್ನು ಅವನ ಬಾಯಿಂದಲೇ ಕೇಳಬೇಕೆಂದು ಅಮ್ಮ ಆ ಹಾಳೆ ಹಿಡಿದುಕೊಂಡು ಬರುತ್ತಾಳೆ. ಅಘೋರೇಶ್ವರ ದೇವಸ್ಥಾನದ ಅಂಗಳ, ಭಾನುವಾರ ಇಪ್ಪತ್ತೊಂದನೇ ತಾರೀಖು, ಬೆಳಿಗ್ಗೆ ಹತ್ತು ಗಂಟೆ.