ಗೋವಿಂದ ಹೇಳದ ಊಟ

ಆಂಟಾಪ್ ಹಿಲ್, ಮುಂಬಯಿ
೧೨ ಜುಲೈ ೨೦೨೪

ಪೂಜ್ಯ ಅತ್ತೆಯವರಿಗೆ ವಸಂತಿಯ ನಮಸ್ಕಾರ.

ನಿಮ್ಮ ಮಂಡಿನೋವು ಹೇಗಿದೆ? ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದೀರಾ? ಇಲ್ಲಿ ನಿಮ್ಮ ಮಗ ಕ್ಷೇಮ, ವಡಾಲದ ಹೋಟೆಲು ಬಿಟ್ಟರೆ ಮನೆ. ನಿಮ್ಮ ಮೊಮ್ಮಗ ಸೃಜನ್‌ಗೆ ಒಂಬತ್ತು ತುಂಬಿತು. ನೀವು ಕೇಳಲಿಲ್ಲ, ನಾನೇ ಹೇಳಿದೆ.

ನಿನ್ನೆ ಫೋನಿನಲ್ಲಿ ನೀವು ಅತ್ತದ್ದು ಕೇಳಿ ನನಗೆ ಸಂತೋಷವಾಯಿತು. ಹೌದು, ಸಂತೋಷವೇ. ಲಾವಣ್ಯಕ್ಕನ ಮನೀಶನಿಗೆ ಎಡಿಎಚ್‌ಡಿ ಅಂತೆ, ಒಂದು ಕಡೆ ಕೂರುವುದಿಲ್ಲವಂತೆ, ಶಾಲೆಯವರು ಇನ್ನು ಇಟ್ಟುಕೊಳ್ಳುವುದಿಲ್ಲವಂತೆ, ಸೃಜನ್ ಕಲಿಯುವ, ನಾನು ಸಹಾಯಕಿಯಾಗಿರುವ ವಿಶೇಷ ಮಕ್ಕಳ ಸೆಂಟರಿನಲ್ಲಿ ಜಾಗ ಕೊಡಿಸಬೇಕಂತೆ. "ಒಂದು ಮಾತು ಹೇಳು ಮಾರಾಯ್ತಿ, ನಿನ್ನ ಭಾವನ ಮಗ ಅಲ್ವಾ" ಎಂದಿರಿ. ಭಾವನ ಮುಲುಂಡಿನ ಗೃಹಪ್ರವೇಶದ ದಿನ ನನ್ನ ಸೃಜನ್ ಯಾರ ಮಗನಾಗಿದ್ದ? ಬಾಯಲ್ಲಿ ಹೇಳಿದರೆ ನಡುವೆ ಅಳುತ್ತೀರಿ, ಅದಕ್ಕೇ ಬರೆಯುತ್ತಿದ್ದೇನೆ.

ಎಲೆಗೆ ಬಡಿಸಿ, ಹಿರಿಯರು 'ಗೋವಿಂದ' ಹೇಳಿದ ಮೇಲೆಯೇ ಉಣ್ಣಬೇಕೆಂದು ಅವನಿಗೆ ವಾರಗಟ್ಟಲೆ ಕಲಿಸಿ ಕರೆತಂದಿದ್ದೆ. ಅಂದು ಗಡಿಬಿಡಿಯಲ್ಲಿ ಯಾರೂ ಗೋವಿಂದ ಹೇಳಲೇ ಇಲ್ಲ. ನನ್ನನ್ನು ನೀವು ಒಳಗೆ ಪಾಯಸದ ಪಾತ್ರೆಯ ಹತ್ತಿರ ನಿಲ್ಲಿಸಿದ್ದಿರಿ. ಎಲ್ಲರೂ ಉಂಡರು, ಅವನು ಕೈಕಟ್ಟಿ ಕೂತ. ಆಟಿಸಂ ಇರುವ ಮಗು, ಒಮ್ಮೆ ಹಿಡಿದ ಮಾತಿನಿಂದ ಮನಸ್ಸು ಕದಲದು. ಮನೀಶ ಅಕ್ಕಪಕ್ಕದ ಎಲೆಗಳಿಂದ ಹೋಳಿಗೆ ಎತ್ತಿಕೊಂಡು ಓಡಿದ. "ಭಾರೀ ಚುರುಕು" ಎಂದು ನಕ್ಕಿರಿ. ಕಾಯುತ್ತ ಕೂತವನನ್ನು ನೋಡಿ ಲಾವಣ್ಯಕ್ಕ, "ಈ ಪೆದ್ದನ್ನ ಒಳಗೆ ಕೂರ್ಸಿ, ನೆಂಟರು ನೋಡ್ತಾರೆ" ಎಂದರು. ಅವನ ಎಲೆ ಎತ್ತಿದ ಕೈ ನಿಮ್ಮದು ಅತ್ತೆ. ಅವನು ಕಿರುಚಿದ್ದು ಕೇಳಿ ನಾನು ಹೊರಗೆ ಓಡಿ ಬಂದೆ; ನಡೆದದ್ದೆಲ್ಲ ಆಮೇಲೆ ನೆಂಟರ ಬಾಯಿಂದ ತಿಳಿಯಿತು.

ಒಬ್ಬನಿಗೆ ಹಿಡಿದದ್ದನ್ನು ಬಿಡಲು ಬರದು, ಇನ್ನೊಬ್ಬನಿಗೆ ಕೈ ತಡೆಯಲು ಬರದು, ಇಬ್ಬರಿಗೂ ಕಲಿಸುವವರು ಬೇಕು ಎನ್ನುತ್ತಾರೆ ನಮ್ಮ ಟೀಚರ್. ಆ ಮನೆಯಲ್ಲಿ ಒಬ್ಬ ಚುರುಕು, ಇನ್ನೊಬ್ಬ ಪೆದ್ದ. ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ಲಾವಣ್ಯಕ್ಕ ಕಾಯಲಿ. ನನ್ನ ಹೊಟ್ಟೆ ಉರಿದದ್ದು ಅವರಿಗೂ ಸ್ವಲ್ಪ ಗೊತ್ತಾಗಲಿ.

ಮಾವನವರಿಗೆ ನಮಸ್ಕಾರ ತಿಳಿಸಿ. ಮಾತ್ರೆ ಮರೆಯಬೇಡಿ.

ನಿಮ್ಮ ಸೊಸೆ,
ವಸಂತಿ

ತಾ.ಕ.: ಮನೀಶನಿಗೆ ಜಾಗ ಸಿಕ್ಕಿದೆ, ಒಂದನೇ ತಾರೀಕಿನಿಂದ ಬರಲಿ. ಬೆಳಿಗ್ಗೆ ನಾನೇ ಹೇಳಿ ಕೊಡಿಸಿದೆ. ಮಗು ಏನು ತಪ್ಪು ಮಾಡಿತು? ಆದರೆ ಸೆಂಟರಿನಲ್ಲಿ ಮಕ್ಕಳ ಜೊತೆ ತಾಯಂದಿರೂ ಕೂತು ಉಣ್ಣಬೇಕು, ಅದು ನಿಯಮ. 'ಇನ್ನು ಉಣ್ಣಿ' ಎಂದು ಹೇಳುವ ಕೆಲಸ ಸೃಜನ್‌ನದು. ಎಲ್ಲರಿಗೂ ಬಡಿಸಿ ಆಯಿತೇ ಎಂದು ಒಂದೊಂದು ತಟ್ಟೆಯನ್ನೂ ನೋಡಿ ಮುಗಿಸದೆ ಅವನು ಬಾಯಿ ಬಿಡುವವನಲ್ಲ. ಅಲ್ಲಿಯವರೆಗೆ ಲಾವಣ್ಯಕ್ಕ ತುತ್ತು ಎತ್ತುವ ಹಾಗಿಲ್ಲ. ನಾನು ಎದುರಿಗೇ ಕೂತಿರುತ್ತೇನೆ.