ಎಡಗೈ ಹೊಲಿಗೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ ಏಳು.

ಇವತ್ತೂ ಹೋಟೆಲ್ ರೂಮಿನ ಕೆಟಲ್ ಕೈಕೊಟ್ಟಿತು. ಟೀ ಬೇಕಾದರೆ ನಾಲ್ಕು ಮಹಡಿ ಇಳಿಯಬೇಕು. ಇಳಿದೆ. ವಾಪಸ್ಸು ಬಂದರೆ ತಂಗಿ ಕಿಟಕಿ ಪಕ್ಕ ಕೂತು ಹೊಲಿಯುತ್ತಿದ್ದಾಳೆ — ಅದೂ ಎಡಗೈಲಿ. ನಗು ತಡೆಯಲಾಗಲಿಲ್ಲ. ಎಡಗೈ ಬಳಸಿದರೆ ಮೆದುಳು ಚುರುಕಾಗುತ್ತದಂತೆ, ಮರೆವು ಬರುವುದಿಲ್ಲವಂತೆ. ಫೋನಿನಲ್ಲಿ ಯಾವನೋ ಡಾಕ್ಟರ್ ಹೇಳಿದ್ದಾನೆ. ಹೊಲಿಗೆ ನೋಡಿದರೆ ಕೋಳಿ ಕೆದರಿದ ಹಾಗಿದೆ.

ಎಡಗೈ ಅಂದರೆ ಅಮ್ಮನಿಗೆ ಆಗುತ್ತಿರಲಿಲ್ಲ. ನಾನು ಹುಟ್ಟಾ ಎಡಚಿ, ಸೌಟಿನಲ್ಲಿ ಎಷ್ಟು ಏಟು ತಿಂದಿದ್ದೇನೋ. ಉಣ್ಣುವುದು, ಬರೆಯುವುದು ಬಲಗೈಗೆ ಬಂತು. ಸೂಜಿ ಮಾತ್ರ ಬರಲಿಲ್ಲ. ಕೊನೆಗೆ ಅಮ್ಮನೇ ಸೋತಳು. ಈಗ ಐವತ್ತು ದಾಟಿದ ಮೇಲೆ ಇವಳು ಬೇಕೆಂದೇ ಎಡಚಿಯಾಗಲು ಹೊರಟಿದ್ದಾಳೆ. ಆಗಲಿ, ಅಕ್ಕನನ್ನು ನೋಡಿ ಏನಾದರೂ ಕಲಿತಳಲ್ಲ.

ಇಲ್ಲಿಗೆ ಬಂದದ್ದೇ ಅವಳಿಂದ. ಬಟ್ಟೆಗಳ ಮ್ಯೂಸಿಯಂನವರು ಎರಡು ವಾರಕ್ಕೆ ಕರೆದಿದ್ದಾರೆ. ಪತ್ರ, ವೀಸಾ, ಟಿಕೆಟ್ ಎಲ್ಲ ಅವಳದೇ ಓಡಾಟ. ಕೌದಿ ಹೊಲಿಯುವುದು ನಾನು, ಮಾತಾಡುವುದು ಅವಳು. ಮೂವತ್ತು ವರ್ಷದಿಂದ ಹೀಗೇ. ಇಲ್ಲಿಯ ಭಾಷೆ ಒಂದಕ್ಷರ ಬರದು ನನಗೆ. ಅವಳಿಲ್ಲದಿದ್ದರೆ ಏರ್‌ಪೋರ್ಟಿನಲ್ಲೇ ಬೇರು ಬಿಟ್ಟುಕೊಂಡು ನಿಂತಿರುತ್ತಿದ್ದೆ.

ಮಾರ್ಚ್ 4, ಮಂಗಳವಾರ

ಮ್ಯೂಸಿಯಂ. ಕಣ್ಣು ಸಾಲದು. ಒಂದು ನೀಲಿ ಅಂಗಿ — ಎಪ್ಪತ್ತು ತೇಪೆಯಂತೆ. ಮೂಲ ಬಟ್ಟೆ ಎಲ್ಲಿದೆ ಎಂದು ಹುಡುಕಬೇಕು. ಯಾರೋ ತಾಯಿ ಮಗನಿಗೆ ಹಾಕಿದ್ದು. ಇಪ್ಪತ್ತು ನಿಮಿಷ ಅಲ್ಲೇ ನಿಂತೆ. ತೇಪೆ ಹಾಕಿದವಳ ಹೆಸರು ಗೊತ್ತಿಲ್ಲ ಎಂದು ಚೀಟಿಯಲ್ಲಿ ಬರೆದಿದೆ ಅಂದಳು ತಂಗಿ. ಪಾಪ ಅನ್ನಿಸಿತು.

ಮ್ಯೂಸಿಯಂ ಮೇಡಂ ತಂಗಿಯನ್ನು ಅಪ್ಪಿಕೊಂಡರು. ನನ್ನ ಕೈ ಕುಲುಕಿ ಮುಂದೆ ಹೋದರು. ಕೊರಳಿಗೆ ಇಬ್ಬರಿಗೂ ಬ್ಯಾಡ್ಜ್. ನನ್ನದರಲ್ಲಿ ಹೆಸರಿನ ಕೆಳಗೆ ಒಂದು ಪದ. ಏನದು ಅಂದೆ. "ಅತಿಥಿ ಅಂತ" ಅಂದಳು. ಅವಳದರಲ್ಲಿ ಬೇರೆ ಪದ ಇತ್ತು. ಕೇಳಲಿಲ್ಲ.

ಎರಡನೇ ಮಹಡಿ ರಿಪೇರಿ ಅಂದಳು ತಂಗಿ. ಮೆಟ್ಟಿಲಿಗೆ ಹಗ್ಗ ಕಟ್ಟಿರಲಿಲ್ಲ, ಜನ ಹತ್ತಿ ಇಳಿಯುತ್ತಲೇ ಇದ್ದರು... ಇರಲಿ. ನನಗೂ ಮಂಡಿ ನೋವು.

ಮಾರ್ಚ್ 6, ಗುರುವಾರ. ಸಂಜೆ.

ಹೊಲಿಗೆ ಮನೆಗೆ ಹೋಗಿದ್ದೆವು. ಉದ್ದನೆಯ ಕೋಣೆ, ಎರಡು ಕಡೆ ಕಿಟಕಿ, ನಡುವೆ ಮಂಚದಷ್ಟು ದೊಡ್ಡ ಮರದ ಚೌಕಟ್ಟು. ಸುತ್ತ ಎಂಟು ಹೆಂಗಸರು. ಯಜಮಾನಿಗೆ ಎಂಬತ್ತರ ಮೇಲೆ. ಮೂಗಿನ ಮೇಲೊಂದು ಕನ್ನಡಕ, ತಲೆಯ ಮೇಲೊಂದು, ಮೂರನೆಯದನ್ನು ಹುಡುಕುತ್ತಿದ್ದಳು. ಕನ್ನಡಕದಜ್ಜಿ ಎಂದು ಹೆಸರಿಟ್ಟೆ.

ಇವರದು ಮೂರು ಪದರ, ನಡುವೆ ಹತ್ತಿ. ನಮ್ಮದು ಬರೀ ಹಳೇ ಬಟ್ಟೆ. ಇವರು ಅಡ್ಡಡ್ಡ ಹೊಲಿಯುತ್ತಾರೆ, ನಾವು ಅಂಚಿನಿಂದ ಶುರು ಮಾಡಿ ಸುತ್ತಿ ಸುತ್ತಿ ನಡುವಿಗೆ ಬರುತ್ತೇವೆ. ಒಂದು ತುಂಡು ಕೊಟ್ಟರು, ಕೂತೆ. ಸೂಜಿ ಹಿಡಿದ ಮೇಲೆ ಭಾಷೆ ಯಾಕೆ ಬೇಕು.

ಅರ್ಧ ಗಂಟೆ ಆಗಿರಬೇಕು. ತಲೆಯೆತ್ತಿದರೆ ಅಜ್ಜಿ ನನ್ನ ಎಡಗೈಯನ್ನೇ ನೋಡುತ್ತಿದ್ದಾಳೆ. ಊರವರೆಲ್ಲ ಸುತ್ತುವ ದಿಕ್ಕಿಗೆ ನಾನು ಸುತ್ತುವುದಿಲ್ಲ. ಎಡಗೈ ಅಲ್ಲವೇ, ಉಲ್ಟಾ ಸುತ್ತು. ಅಜ್ಜಿ ಇನ್ನೊಬ್ಬಳನ್ನು ಕರೆದು ತೋರಿಸಿದಳು. ಇಬ್ಬರದೂ ಗುಸುಗುಸು. ಆ ಮೂಲೆಯಲ್ಲಿದ್ದ ತಂಗಿ ಓಡಿ ಬಂದು ಏನೋ ಹೇಳಿ ನಕ್ಕಳು, ಸೂಜಿಯನ್ನು ತನ್ನ ಎಡಗೈಗೆ ತೆಗೆದುಕೊಂಡು ತೋರಿಸಿದಳು. ಏನಂತೆ ಅಂದರೆ, ನಿಮ್ಮ ಮನೆಯವರೆಲ್ಲ ಎಡಚರಾ ಎಂದು ಕೇಳಿದರಂತೆ.

ಅಜ್ಜಿ ಮಾತ್ರ ನಗಲಿಲ್ಲ.

ಮಾರ್ಚ್ 7

ಮುಂದಿನ ಶನಿವಾರ ಮ್ಯೂಸಿಯಂ ಹಾಲ್‌ನಲ್ಲಿ ಎಲ್ಲರೆದುರು ಹೊಲಿದು ತೋರಿಸಬೇಕಂತೆ. ನಾನು ಬಟ್ಟೆ ಜೋಡಿಸಿಕೊಟ್ಟರೆ ಸಾಕು, ಉಳಿದದ್ದು ತಾನು ನೋಡಿಕೊಳ್ಳುತ್ತೇನೆ ಅಂದಳು. ಉಳಿದದ್ದು ಅಂದರೆ ಮಾತು ತಾನೇ? ಟವೆಲ್ ಎತ್ತಿಕೊಂಡು ಸ್ನಾನಕ್ಕೆ ಹೋದಳು.

ಮಾರ್ಚ್ 8, ಶನಿವಾರ. ಮಧ್ಯಾಹ್ನ ಮೂರು.

ಅಜ್ಜಿ ಕೈ ಹಿಡಿದು ಮ್ಯೂಸಿಯಂನ ಎರಡನೇ ಮಹಡಿಗೆ ಕರೆದುಕೊಂಡು ಹೋದಳು. ತಂಗಿ ಮೇಡಂ ಜೊತೆ ಪೇಟೆಗೆ ಹೋಗಿದ್ದಳು. ರಿಪೇರಿ ಇಲ್ಲ. ಏನೂ ಇಲ್ಲ.

ಬರೆಯಲಾಗುತ್ತಿಲ್ಲ. ಆಮೇಲೆ.

ಮಾರ್ಚ್ 11, ಮಂಗಳವಾರ

ಮೂರು ದಿನ ಜ್ವರ ಎಂದು ಮಲಗಿದೆ. ತಂಗಿ ಮಾತ್ರೆ ತಂದಳು, ಗಂಜಿ ಇಲ್ಲದ್ದಕ್ಕೆ ಸೂಪು ತಂದಳು, ಹಣೆ ಮುಟ್ಟಿ ನೋಡಿದಳು. ಮುಟ್ಟಿದಾಗಲೆಲ್ಲ ಮೈ ಉರಿಯಿತು. ಈಗ ಬರೆಯುತ್ತೇನೆ. ಬರೆಯದಿದ್ದರೆ ನಾನೇ ನಂಬುವುದಿಲ್ಲ.

ಗೋಡೆಯ ಮೇಲೆ, ಗಾಜಿನ ಹಿಂದೆ, ಅಮ್ಮನ ಕೌದಿ.

ಅಮ್ಮ ಹಾಸಿಗೆ ಹಿಡಿದ ಐದು ತಿಂಗಳು ಅವಳ ಪಕ್ಕ ಕೂತು ಹೊಲಿದದ್ದು. ಅಪ್ಪನ ಖಾಕಿ ಶರ್ಟು, ನನ್ನ ಸ್ಕೂಲಿನ ಲಂಗ, ತಂಗಿಯ ಹಳದಿ ಫ್ರಾಕು, ಅಮ್ಮನ ಒಂಬತ್ತು ಸೀರೆ. ಹಸಿರು ಸೀರೆಯ ತುಂಡು ಮಾತ್ರ ಒಳಮೈ ಹೊರಗೆ. ಅಮ್ಮನೇ ಹಟ ಮಾಡಿದ್ದು — ಒಳಗಿನ ಬಣ್ಣ ಇನ್ನೂ ಮಾಸಿಲ್ಲ, ಅದನ್ನೇ ಮೇಲೆ ಹಾಕು ಎಂದು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ನನ್ನ ಕೌದಿ ನನಗೆ ಗೊತ್ತಾಗದೆ ಇರುತ್ತದೆಯೇ?

ಅಜ್ಜಿ ಗಾಜಿನ ಮೇಲೆ ಬೆರಳಿಟ್ಟು ಹೊಲಿಗೆ ಸುತ್ತಿದ ದಿಕ್ಕಿಗೇ ಸುತ್ತಿದಳು. ಉಲ್ಟಾ ಸುತ್ತು. ಆಮೇಲೆ ನನ್ನ ಎಡಗೈ ಎತ್ತಿ ಹಿಡಿದಳು. ಆಮೇಲೆ ಗೋಡೆಯ ಚೀಟಿ ತೋರಿಸಿದಳು. ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ತಂಗಿಯ ಹೆಸರು. ನನ್ನದು ಕೆಳಗೆಲ್ಲಾದರೂ ಇರಬಹುದು ಎಂದು ಎರಡು ಸಲ ಹುಡುಕಿದೆ. ಅಂಗೈಯಷ್ಟು ಚೀಟಿ, ಅದರಲ್ಲಿ ಹುಡುಕುವುದೇನು.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಅಮ್ಮ ನಮ್ಮೂರಿನ ಆಸ್ಪತ್ರೆಯಲ್ಲಿ ತೀರಿಕೊಂಡ ವಾರ ನನ್ನ ಗರ್ಭಕೋಶದ ಆಪರೇಷನ್ ಆಗಿತ್ತು, ಬೇರೆ ಊರಿನ ಆಸ್ಪತ್ರೆಯಲ್ಲಿದ್ದೆ. ಮುಖ ನೋಡಲಾಗಲಿಲ್ಲ. ತಂಗಿ ಫೋನಿನಲ್ಲಿ ಹೇಳಿದ್ದಳು: "ನಿನ್ನ ಕೌದಿ ಹೊದಿಸೇ ಕಳಿಸಿದೆ ಅಕ್ಕಾ. ಬೆಚ್ಚಗೆ ಹೋದ್ಲು." ಆ ಒಂದು ಮಾತನ್ನು ಹಿಡಿದುಕೊಂಡು ಎರಡು ವರ್ಷ ಕಳೆದಿದ್ದೇನೆ. ಅಳು ಬಂದಾಗಲೆಲ್ಲ ಬೆಚ್ಚಗೆ ಹೋದಳು, ಬೆಚ್ಚಗೆ ಹೋದಳು ಎಂದುಕೊಂಡು ಮಲಗಿದ್ದೇನೆ.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಇಲ್ಲಿ ನನ್ನ ಮಾತು ತಿಳಿಯುವವಳು ಅವಳೊಬ್ಬಳೇ.

ಮಾರ್ಚ್ 12, ಬುಧವಾರ. ತಿಂಡಿಯ ನಂತರ.

ಕೇಳಿಬಿಟ್ಟೆ.

ಕೆಳಗಿನ ಊಟದ ಕೋಣೆ. ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದಳು. ಎಡಗೈಲಿ! ಅದನ್ನು ನೋಡಿದ್ದೇ ತಲೆ ಕೆಟ್ಟಿತು. ಎರಡನೇ ಮಹಡಿ ರಿಪೇರಿ ಮುಗೀತಾ ಅಂದೆ. ಚಾಕು ಕೆಳಗಿಟ್ಟಳು.

ಅಳಲಿಲ್ಲ. ಒಂದೊಂದೇ ಹೇಳಿದಳು. ಅಷ್ಟು ಚೆಂದದ ಕೌದಿ ಮಣ್ಣುಪಾಲಾಗುತ್ತದಲ್ಲ ಎಂದು ಕೊನೆ ಗಳಿಗೆಯಲ್ಲಿ ತೆಗೆದಿಟ್ಟಳಂತೆ. ನನಗೆ ಸಮಾಧಾನವಾಗಲಿ ಎಂದು ಹೊದಿಸಿದೆ ಅಂದಳಂತೆ. ಅಂದ ಮೇಲೆ ಮನೆಯಲ್ಲಿಡುವ ಹಾಗಿಲ್ಲ, ನಾನು ಬಂದರೆ ನೋಡುತ್ತೇನೆ. ಆ ಸಮಯಕ್ಕೆ ಈ ಮೇಡಂ ಬಟ್ಟೆ ಹುಡುಕಿಕೊಂಡು ಊರಿಗೆ ಬಂದರು, ಕೌದಿ ತೆಗೆದುಕೊಂಡರು, ಯಾರು ಮಾಡಿದ್ದು ಎಂದು ಕೇಳಿದರು.

"ನಾನೇ ಅಂದೆ. ಬಾಯಿಂದ ಬಂದ್ಬಿಡ್ತು. ಯಾರೂ ನನ್ನನ್ನ ಹಾಗೆ ನೋಡಿರಲಿಲ್ಲ ಅಕ್ಕಾ. ಎಲ್ಲರೂ ನಿನ್ನ ಕೈ, ನಿನ್ನ ಕೈ ಅಂತಿದ್ರು. ನಾನು ಬರೀ ಚೀಲ ಹೊರೋಳು."

ಮೇಡಂ ಆಮೇಲೆ ಪತ್ರ ಬರೆದು, ಹೊಲಿಗೆಯ ದಿಕ್ಕು ನೋಡಿದರೆ ನೀವು ಎಡಚಿಯೇ ಎಂದು ಕೇಳಿದ್ದರಂತೆ. ಹೌದು ಎಂದು ಬರೆದಳು. ಒಂದು ಸುಳ್ಳಿಗೆ ತೇಪೆ ಹಾಕಲು ಇನ್ನೊಂದು. ಆರು ತಿಂಗಳಿಂದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದ್ದಾಳೆ. ಕೌದಿ ಮ್ಯೂಸಿಯಂ ಗೋದಾಮಿನಲ್ಲಿದೆ, ನನ್ನ ಕಣ್ಣಿಗೆ ಬೀಳದು ಎಂದುಕೊಂಡು ನನ್ನನ್ನು ಕರೆತಂದಳಂತೆ. ಬಂದ ಮೇಲೆ ನೋಡಿದರೆ ಗೋಡೆಯ ಮೇಲಿದೆ. ಮೆದುಳಿಗೆ ಒಳ್ಳೆಯದು ಎಂದು ನನ್ನ ಕಿವಿ ಮೇಲೆ ಹೂವಿಟ್ಟಳು, ನಾನೂ ಇಡಿಸಿಕೊಂಡು ನಕ್ಕೆ.

ಹೆಸರು ಹೋಗಲಿ ಅಂದೆ. "ಅಮ್ಮ ಏನು ಹೊದ್ಕೊಂಡು ಹೋದ್ಲು? ಅದೊಂದು ಹೇಳು."

ತಟ್ಟೆ ಪಕ್ಕಕ್ಕೆ ಸರಿಸಿದಳು.

"ಆಸ್ಪತ್ರೆ ಬೆಡ್‌ಶೀಟು" ಅಂದಳು.

ಮಾರ್ಚ್ 13

ಹೊಲಿಗೆ ಮನೆಗೆ ಒಬ್ಬಳೇ ನಡೆದುಕೊಂಡು ಹೋದೆ. ಎರಡು ಸಿಗ್ನಲ್, ಒಂದು ಸೇತುವೆ, ಬಲಕ್ಕೆ ತಿರುಗಿದರೆ ಸೋಪಿನ ಅಂಗಡಿ. ಕಳೆದುಹೋಗಲಿಲ್ಲ. ಅವಳಿಲ್ಲದೆ ಹೆಜ್ಜೆ ಇಡಲಾರೆ ಎಂದು ಹೇಳಿದವರು ಯಾರು? ನಾನೇ.

ಅಜ್ಜಿ ಫೋನು ತೆಗೆದು ಅದರಲ್ಲಿ ಮಾತಾಡಿದಳು, ಅದು ನಮ್ಮ ಮಾತಿನಲ್ಲಿ ಒದರಿತು. ಮೊದಲು ಬ್ಯಾಡ್ಜ್ ತೋರಿಸಿ ಕೇಳಿದೆ. ಅತಿಥಿ ಅಲ್ಲವಂತೆ. ಸಹಾಯಕಿ. ಆಮೇಲೆ ಅಜ್ಜಿ ಕೇಳಿದ್ದನ್ನು ಫೋನು ಹೀಗೆ ಹೇಳಿತು: "ಗೋಡೆಯ ಕಂಬಳಿಗೆ ನೀವು ಕೈ ಆಗಿದ್ದೀರಾ?" ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

ಅಜ್ಜಿ ಕಾಯುತ್ತಿದ್ದಳು. ಎಂಟು ಸೂಜಿಗಳೂ ನಿಂತವು.

ಅಲ್ಲ ಅಂದೆ. ತಂಗಿಯದು ಅಂದೆ.

ಯಾಕೆ ಅಂದೆನೋ. ಪರ ಊರಿನಲ್ಲಿ ತಂಗಿಯ ಮಾನ ಹೋಗುತ್ತದೆ ಎಂದೋ, ಅವಳ ಬಾಯಿಯಿಂದಲೇ ಬರಲಿ ಎಂದೋ, ಬರೀ ಅಭ್ಯಾಸವೋ. ಅಜ್ಜಿ ಫೋನು ಮುಚ್ಚಿ ಸೆರಗಿಲ್ಲದ ಅಂಗಿಯ ತುದಿಯಲ್ಲಿ ಕನ್ನಡಕ ಒರೆಸಿಕೊಂಡಳು. ನನ್ನನ್ನು ಮತ್ತೆ ನೋಡಲಿಲ್ಲ. ಈಗ ಆ ಸುಳ್ಳಿನಲ್ಲಿ ನನ್ನದೂ ಒಂದು ಹೊಲಿಗೆ ಇದೆ.

ಮಾರ್ಚ್ 14, ಶುಕ್ರವಾರ

ತಂಗಿ ಕಾಲು ಹಿಡಿಯುವುದೊಂದು ಬಾಕಿ. "ನಾಳೆ ಒಂದು ದಿನ ಅಕ್ಕಾ. ಊರಿಗೆ ಹೋದ್ಮೇಲೆ ಎಲ್ಲರ ಮುಂದೆ ಹೇಳ್ತೀನಿ, ಬೇಕಾದ್ರೆ ಚೀಟಿ ಬದಲಾಯಿಸೋಕೆ ಬರೀತೀನಿ." ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಹೂಂ ಎಂದೇ ತಿಳಿದುಕೊಂಡು ನಿರಾಳವಾಗಿ ಸೀರೆ ಇಸ್ತ್ರಿ ಮಾಡಿಕೊಂಡಳು. ಹುಟ್ಟಿದಾಗಿನಿಂದ ನನ್ನ ಮೌನವನ್ನು ಅವಳೇ ಅನುವಾದ ಮಾಡುತ್ತಾ ಬಂದಿದ್ದಾಳೆ.

ಸಿಟ್ಟು ಆರಿಲ್ಲ. ಆರದು. ಅವಳ ಬೆರಳು ನೋಡಿದೆ, ಎಡಗೈಯದು. ತುದಿಯೆಲ್ಲ ಚುಚ್ಚಿ ಚುಚ್ಚಿ ಕೆಂಪಾಗಿದೆ. ಅಯ್ಯೋ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಮಾರ್ಚ್ 15, ಶನಿವಾರ. ಹತ್ತೂ ಐವತ್ತು. ಹಾಲ್‌ನಲ್ಲಿ.

ಮೊದಲ ಸಾಲಿನ ಕೊನೆಯ ಕುರ್ಚಿ. ಬ್ಯಾಡ್ಜ್ ತೆಗೆದು ಚೀಲಕ್ಕೆ ಹಾಕಿದ್ದೇನೆ. ನೂರು ಜನ ಇರಬಹುದು. ಕನ್ನಡಕದಜ್ಜಿ ಹಿಂದಿನ ಸಾಲಿನಲ್ಲಿ.

ಅಮ್ಮನ ಕೌದಿಯನ್ನು ಗಾಜಿನಿಂದ ಬಿಡಿಸಿ ತಂದು ಮೇಜಿನ ಮೇಲೆ ಹಾಸಿದ್ದಾರೆ. ಮುಟ್ಟಬಾರದು ಎಂಬ ಬೋರ್ಡಿದೆ, ಕೈಯ ಚಿತ್ರಕ್ಕೆ ಅಡ್ಡ ಗೆರೆ. ಮುಟ್ಟಿದೆ. ಕಾವಲಿನವನು ಏನೋ ಅಂದ. ಹಸಿರು ತುಂಡು ಹಾಗೇ ಇದೆ, ಬಣ್ಣ ಮಾಸಿಲ್ಲ. ಅಮ್ಮ ಹೇಳಿದ್ದು ನಿಜ.

ತಂಗಿ ಚೌಕಟ್ಟಿನ ಮುಂದೆ ಕೂತಿದ್ದಾಳೆ. ಮೇಡಂ ಮೈಕಿನಲ್ಲಿ ಅವಳ ಹೆಸರು ಹೇಳಿದರು, ಚಪ್ಪಾಳೆ. ಎಡಗೈಲಿ ಸೂಜಿ, ಬಲಗೈಲಿ ದಾರ. ಪೋಣಿಸಲು ಆಗುತ್ತಿಲ್ಲ. ಎರಡನೇ ಸಲ. ದಾರದ ತುದಿ ಬಾಯಿಗಿಟ್ಟು ಚೀಪಿದಳು. ಮೂರನೇ ಸಲ.

ಚಿಕ್ಕಂದಿನಿಂದ ಅವಳ ಸೂಜಿಗೆ ದಾರ ಪೋಣಿಸಿಕೊಟ್ಟವಳು ನಾನು. ಒಂದು ಸಲವೂ ತಾನಾಗಿ ಪೋಣಿಸಿದವಳಲ್ಲ. ಆರು ತಿಂಗಳು ನಾನು ಪೋಣಿಸಿಟ್ಟ ಸೂಜಿಗಳನ್ನೇ ಒಯ್ದು ಹೊಲಿಗೆ ಕಲಿತಳು, ಇದನ್ನು ಕಲಿಯುವುದು ಹೊಳೆಯಲಿಲ್ಲ. ಮೊನ್ನೆ ಮೊನ್ನೆಯವರೆಗೂ ರೂಮಿನಲ್ಲಿ ಅವಳ ಸೂಜಿಗಳಿಗೆಲ್ಲ ನಾನೇ ಪೋಣಿಸಿಟ್ಟಿದ್ದೆ. ನಗುತ್ತಾ.

ನನ್ನ ಕಡೆ ನೋಡಿದಳು. "ಅಕ್ಕಾ" ಅಂದಳು, ಮೆಲ್ಲಗೆ, ಮೈಕಿಗೆ ಕೇಳಿಸುವ ಹಾಗೆ. ಇಲ್ಲಿ ಯಾರಿಗೂ ಅರ್ಥವಾಗದ ಮಾತು.

ಹೋಗುತ್ತೇನೆ. ಪೋಣಿಸುತ್ತೇನೆ. ಎಡಗೈಲಿ. ಆದರೆ ಸೂಜಿಯನ್ನು ವಾಪಸ್ಸು ಕೊಡುವುದಿಲ್ಲ.